ಒಳಕೋಣೆಯ ಅಂಕಿ

ಹೀರಾಬಾಯಿಯ ಮನೆಯಲ್ಲಿ ಒಳಕೋಣೆ ಅಂದರೆ ಹೆಂಗಸರ ಕೋಣೆ. ಅದಕ್ಕೆ ಕಿಟಕಿ ಇಲ್ಲ. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಮಾಳಿಗೆಯಲ್ಲಿ ಒಂದೇ ಒಂದು ಬೆಳಕಿಂಡಿ. ಮಂಗಗಳ ಕಾಟಕ್ಕೆ ಅದರ ಮೇಲೂ ಒಂದು ಗಡಿಗೆ ಬೋರಲು ಹಾಕಿದ್ದರು. ಇಜೇರಿಯಿಂದ ಒಂದು ಹರದಾರಿ ಈಚೆಗಿರುವ ಆ ಊರಿನಲ್ಲಿ ವೈಶಾಖದ ಬಿಸಿಲಿಗೆ ಹಕ್ಕಿ ಸಹ ನೆಲಕ್ಕೆ ಇಳಿಯುವುದಿಲ್ಲ. ಒಳಕೋಣೆಗೆ ಕಾಲಿಟ್ಟರೆ ಮಾತ್ರ ಬಾವಿಯ ಮೆಟ್ಟಿಲು ಇಳಿದಷ್ಟು ತಂಪು. ಮೂವತ್ಮೂರು ವರ್ಷದ ಹಿಂದೆ ಮದುವೆಯಾಗಿ ಬಂದಾಗ ಅತ್ತೆ ಅವಳಿಗೆ ಆ ಕೋಣೆಯನ್ನು ಬಿಟ್ಟುಕೊಟ್ಟಿದ್ದಳು. ಈಗ ಹೀರಾಬಾಯಿ ಅದನ್ನು ತನ್ನ ಸೊಸೆ ಮಹಾನಂದಾಳಿಗೆ ಬಿಟ್ಟುಕೊಟ್ಟಿದ್ದಳು. ಮಗ ಆಳಂದದಲ್ಲಿ ಮಾಸ್ತರ, ಶನಿವಾರ ಬಂದು ಸೋಮವಾರ ಹೋಗುವವನು. ಉಳಿದ ದಿನ ಅತ್ತೆ ಸೊಸೆ ಇಬ್ಬರೂ ಅಲ್ಲೇ ಕೌದಿ ಹೊಲಿದು ಅಲ್ಲೇ ಮಲಗುತ್ತಿದ್ದರು.

ಕೋಣೆಯ ಮೂಲೆಯಲ್ಲಿ ನೆಲಕ್ಕೆ ಸಮನಾಗಿ ಒಂದು ದುಂಡನೆಯ ಕಲ್ಲು ಇತ್ತು. ಅದರ ಕೆಳಗೆ ಹಗೇವು. ಒಂದು ಕಾಲಕ್ಕೆ ನಲವತ್ತು ಚೀಲ ಬಿಳಿಜೋಳ ನುಂಗುತ್ತಿದ್ದ ನೆಲದೊಳಗಿನ ಕಣಜ. ಈಗ ಹತ್ತು ವರ್ಷದಿಂದ ಯಾರೂ ಅದನ್ನು ತೆಗೆದಿರಲಿಲ್ಲ.

ತೊಂಬತ್ತೊಂದರ ಕಾರ್ತಿಕದಲ್ಲಿ ಕಲಬುರ್ಗಿಯಿಂದ ನಜಮುನ್ನಿಸಾ ಎಂಬ ಹುಡುಗಿ ಬಂದಳು. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಸಂಶೋಧನೆ ಮಾಡುವವಳು. ಹೆಗಲ ಚೀಲದ ತುಂಬ ಪ್ಲಾಸ್ಟಿಕ್ಕಿನ ಸಣ್ಣ ಬಟ್ಟಲುಗಳು. ಪ್ರತಿ ಬಟ್ಟಲಿನ ತಳಕ್ಕೆ ಹೆಬ್ಬೆರಳಿನಷ್ಟಗಲದ ಕೆಂಪು ಫಿಲಂ ಅಂಟಿಸಿತ್ತು. ಸುತ್ತಲಿನ ಊರುಗಳಲ್ಲಿ ಅರವತ್ತು ಮನೆ ಆರಿಸಿ, ಮನೆಗೊಂದರಂತೆ ಬಟ್ಟಲನ್ನು ಬಾಯಿ ಕೆಳಗೆ ಮಾಡಿ ತೊಲೆಗೆ ಕಟ್ಟುತ್ತಿದ್ದಳು.

"ಖಾಲಿ ಬಟ್ಟಲಾ ಕಟ್ಟಿ ಹೊಂಟೀರಲ್ಲ, ಏನರೆ ಹಾಕ್ರಿ ಅದರಾಗ" ಅಂದ ಹೀರಾಬಾಯಿಯ ಗಂಡ ಕಲ್ಯಾಣಪ್ಪ.

"ಖಾಲಿ ಇಲ್ರಿ ಕಾಕಾ. ನಿಮ್ಮ ಮನಿ ಹವಾ ಅದ ಅದರಾಗ. ಮೂರು ತಿಂಗಳು ಯಾರೂ ಮುಟ್ಟಬ್ಯಾಡ್ರಿ."

"ಹವಾ ತೂಕ ಮಾಡೋ ಸರಕಾರ ಬಂತು ನೋಡ" ಅಂತ ನಕ್ಕು ಕಲ್ಯಾಣಪ್ಪ ಹೊಲಕ್ಕೆ ಹೋದ.

ಅವಳು ಹೇಳಿದ್ದು ಇಷ್ಟು. ಕೆಲವು ಕಡೆ ನೆಲದೊಳಗಿನ ಕಲ್ಲಿನಿಂದ ರೇಡಾನ್ ಎಂಬ ಅನಿಲ ಏಳುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಬಯಲಲ್ಲಿ ಗಾಳಿಗೆ ಹಾರಿಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ಕೂಡಿಕೊಳ್ಳುತ್ತದೆ. ಅದರ ಕಣಗಳು ಫಿಲಮ್ಮಿಗೆ ಬಡಿದರೆ ಗೀರು ಬೀಳುತ್ತವೆ. ಫಿಲಮ್ಮನ್ನು ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಆ ಗೀರುಗಳನ್ನು ಎಣಿಸುವುದೇ ಅವಳ ಕೆಲಸ.

ಹೋಳಿಹುಣ್ಣಿಮೆ ಕಳೆದ ಮೇಲೆ ಅವಳೇ ಬಂದು ಅಂಕಿ ಹೇಳಿದಳು.

"ಈ ಭಾಗದಾಗ ಉಳಿದ ಮನಿಗೋಳ ರೇಡಾನ್ ಅಂಕಿ ನಲವತ್ತು, ಐವತ್ತು ಅದ. ಇನ್ನೂರರ ಒಳಗಿದ್ದರ ಚಿಂತಿ ಇಲ್ಲ ಅಂತ ಹಿಡೀತೇವಿ. ನಿಮ್ಮ ಒಳಕೋಣಿ ಆರುನೂರಾ ಎಪ್ಪತ್ತು ಅದರಿ."

ಆಗ ಮಹಾನಂದಾಳಿಗೆ ಏಳನೆಯ ತಿಂಗಳು. ಎರಡು ದಿನಕ್ಕೆ ಕುಬುಸ ಮಾಡಿಸಿಕೊಂಡು ಚೊಚ್ಚಲ ಹೆರಿಗೆಗೆ ಅಫಜಲಪುರದ ತವರಿಗೆ ಹೊರಡುವವಳಿದ್ದಳು. ಪಿಯುಸಿ ಓದಿದ ಹುಡುಗಿ. ಬಾಗಿಲ ಹಿಂದೆ ನಿಂತು ಕೇಳಿದಳು.

"ಇದರಿಂದ ಏನಾಗತದ್ರಿ?"

"ಚೇಳು ಕಡದಂಗ ಇವತ್ತೇ ಆಗೂದಲ್ಲ. ಹತ್ತಿಪ್ಪತ್ತು ವರ್ಷ ಅದೇ ಹವಾ ಕುಡದರ ಪುಪ್ಪುಸಕ್ಕ ಛಲೋ ಅಲ್ಲ. ಕ್ಯಾನ್ಸರ್ ಆಗಬಹುದು, ಆಗದೇನೂ ಇರಬಹುದು. ಸಣ್ಣ ಕೂಸಿಗೆ ಮುಂದ ವರ್ಷಗಳು ಭಾಳ ಇರತಾವಲ್ಲ, ಅದಕ್ಕ ಹೇಳಾಕತ್ತೇನಿ. ಗಾಬರಿ ಬ್ಯಾಡ್ರಿ. ಕಡಿಮಿ ಮಾಡಲಿಕ್ಕೆ ಬರತದ."

ಗಾಬರಿ ಬೇಡ ಎಂದ ಮಾತು ಅಫಜಲಪುರ ತಲುಪಲಿಲ್ಲ, ಆರುನೂರಾ ಎಪ್ಪತ್ತು ಮಾತ್ರ ತಲುಪಿತು. ವೈಶಾಖದಲ್ಲಿ ಮಹಾನಂದಾ ಗಂಡು ಹೆತ್ತಳು. ಕೂಸು ನೋಡಲು ಕುಲಾವಿ, ಕೌದಿ, ಬೆಳ್ಳಿ ಕಡಗ ತೆಗೆದುಕೊಂಡು ಹೋದ ಹೀರಾಬಾಯಿಗೆ ಬೀಗಿತ್ತಿ ಸುಭದ್ರಾಬಾಯಿ ಹೋಳಿಗೆ ಬಡಿಸುತ್ತಲೇ ಹೇಳಿದಳು.

"ಕೂಸು ನಿಮ್ಮದೇ, ಇಲ್ಲ ಅನ್ನಂಗಿಲ್ಲ. ಖರೇ ಆ ಖೋಲಿ ನಂಬರ್ ಇಳಿದದ ಅಂತ ಆ ಸಾಬರ ಹುಡುಗಿ ಬರದು ಕೊಡಲಿ. ಚೀಟಿ ಬಂದ ದಿನ ನಾನೇ ತೊಟ್ಟಿಲಾ ಹೊತಗೊಂಡು ಬರತೇನಿ."

"ನಾ ಮೂವತ್ಮೂರು ವರ್ಷ ಮಲಗೇನಿ ಅಲ್ಲಿ. ನನಗೇನಾಗ್ಯದ?"

"ನಿಮಗ ಆಗಬೇಕಾದ್ರ ಆ ಗ್ಯಾಸಿಗೇ ತ್ರಾಸ ಆಗತದ ಬಿಡ್ರಿ" ಅಂದಳು ಸುಭದ್ರಾಬಾಯಿ. ಇನ್ನೊಂದು ಹೋಳಿಗೆ ಎಲೆಗೆ ಬಿತ್ತು.

ಪಡಸಾಲೆಯಲ್ಲಿ ಮಲಗಿಸಿದರಾಗದೆ ಅಂತ ಬೀಗರು ಕೇಳಬಹುದಿತ್ತು, ಕೇಳಲಿಲ್ಲ. ಕೇಳಿದ್ದರೂ ಹೀರಾಬಾಯಿ ಒಪ್ಪುತ್ತಿರಲಿಲ್ಲ. ಪಡಸಾಲೆ ಅಂದರೆ ಬೀದಿ ಬಾಗಿಲು, ಬಂದು ಹೋಗುವ ಗಂಡಸರು, ಚೀಲದ ಧೂಳು. ಹಸಿ ಬಾಣಂತಿಯನ್ನು ಗಾಳಿಗೆ ಮಲಗಿಸಿದರು ಅಂತ ಊರು ಆಡಿಕೊಳ್ಳುವುದಕ್ಕೆ ಅಷ್ಟು ಸಾಕು.

ಅಂಕಿ ಇಳಿಸುವ ಕೆಲಸಕ್ಕೆ ಗೌಂಡಿ ಬುರಾನುದ್ದೀನ ಬಂದ. ಆ ಊರಿನ ಅರ್ಧ ಹಗೇವುಗಳನ್ನು ತೋಡಿದವನು ಅವನ ಅಪ್ಪ. ಏನು ಮಾಡಬೇಕು ಅಂತ ನಜಮುನ್ನಿಸಾ ಒಂದು ಹಾಳೆಯ ಮೇಲೆ ಚಿತ್ರ ಬರೆದು ಕೊಟ್ಟಿದ್ದಳು. ಹಗೇವಿನಲ್ಲಿ ದಪ್ಪ ಗರಸು, ಅಂದರೆ ಜಲ್ಲಿಕಲ್ಲು, ತುಂಬಬೇಕು. ಗರಸಿನ ನಡುವಿನಿಂದ ಒಂದು ಪೈಪು ಎಬ್ಬಿಸಿ ಮಾಳಿಗೆ ದಾಟಿಸಿ ಆಳೆತ್ತರ ನಿಲ್ಲಿಸಬೇಕು. ನೆಲದಿಂದ ಏಳುವ ಹವಾ ಕೋಣೆಗೆ ಬಾರದೆ ಪೈಪಿನಲ್ಲಿ ಮೇಲೆ ಹೋಗಬೇಕು. ಹಗೇವಿನ ಬಾಯಿ, ಗೋಡೆ ನೆಲ ಕೂಡುವ ಸಂದು, ಬಂಡೆಗಳ ನಡುವಿನ ಬಿರುಕು ಎಲ್ಲಕ್ಕೂ ಸಿಮೆಂಟು. ಬೆಳಕಿಂಡಿ ತೆರೆದು ಮಂಗ ಬಾರದಂತೆ ಜಾಳಿಗೆ.

ಬುರಾನುದ್ದೀನ ದುಂಡುಕಲ್ಲು ಸರಿಸಿ ಒಂದು ಹಗಲು ಹಾಗೇ ಬಿಟ್ಟ. ಮಾರನೆಯ ದಿನ ಕಂದೀಲು ಹಚ್ಚಿ ಹಗ್ಗದಿಂದ ಕೆಳಗಿಳಿಸಿದ. ಆ ಸೀಮೆಯಲ್ಲಿ ಹಗೇವಿಗೆ ಇಳಿಯುವ ಮೊದಲು ದೀಪ ಇಳಿಸದವನಿಲ್ಲ. ದೀಪ ಆರಿದರೆ ಒಳಗೆ ಉಸಿರು ಕಟ್ಟುವ ಹವಾ ಇದೆ, ಇಳಿಯಬಾರದು, ಉರಿದರೆ ಇಳಿಯಬಹುದು. ದೀಪದ ಮಾತು ಕೇಳದೆ ಇಳಿದು ಹೆಣವಾಗಿ ಬಂದವರ ಹೆಸರುಗಳನ್ನು ಪ್ರತಿ ಊರೂ ನೆನಪಿಟ್ಟುಕೊಂಡಿದೆ.

ಕಂದೀಲು ತಳ ಮುಟ್ಟಿತು. ಜ್ವಾಲೆ ಅಲುಗಾಡದೆ ಉರಿಯಿತು.

"ನೋಡಿದ್ರೆನ ಅಮ್ಮಾರ" ಅಂದ ಬುರಾನುದ್ದೀನ. "ಹವಾ ಏಕದಮ್ ಸಾಫ್ ಅದ."

"ಮತ್ತ ಆ ಹುಡುಗಿ ಆರುನೂರು ಅಂತಾಳಲ್ಲೋ?"

"ಅಕೀ ಕಿತಾಬು ಓದಿದಾಕಿ. ನಾ ಹಗೇವು ಓದಿದಾಂವ. ಖರೇ ಪೈಪು ಹಾಕ್ರಿ ಅಂದ್ರ ಹಾಕತೇನಿ, ಕೆಲಸದಾಗ ಖೋಟಿ ಮಾಡಂಗಿಲ್ಲ."

ಖೋಟಿ ಮಾಡಲೂ ಇಲ್ಲ. ಆರು ದಿನ ದುಡಿದು ಚಿತ್ರದಲ್ಲಿದ್ದಂತೆಯೇ ಮುಗಿಸಿದ. ಆದರೆ ಆ ಅಲುಗಾಡದ ಜ್ವಾಲೆ ಹೀರಾಬಾಯಿಯ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಕಣ್ಣಾರೆ ನೋಡಿದ್ದಳು. ಇದ್ದದ್ದು ಹುಡುಗಿಯ ಲೆಕ್ಕದ ತಪ್ಪು, ಆ ತಪ್ಪಿನಿಂದ ಮೊಮ್ಮಗ ಪರವೂರಲ್ಲಿ ಬೆಳೆಯುತ್ತಿದ್ದಾನೆ ಅಂದುಕೊಂಡಳು.

ಕಾರಹುಣ್ಣಿಮೆಯ ಮುಂದೆ ನಜಮುನ್ನಿಸಾ ಬಂದು ಎರಡನೆಯ ಬಟ್ಟಲು ಕಟ್ಟಿದಳು. ಮತ್ತೆ ಮೂರು ತಿಂಗಳು. ಹೀರಾಬಾಯಿ ಎಂಟು ದಿನ ಅದನ್ನು ನೋಡಿದಳು. ಸಂಜೆ ಕಸ ಹೊಡೆಯುವಾಗ ನೋಡಿದಳು, ಬೆಳಿಗ್ಗೆ ಎದ್ದು ಇಷ್ಟಲಿಂಗ ಪೂಜೆಗೆ ಕೂತಾಗ ನೋಡಿದಳು. ಮತ್ತೆ ಅದೇ ತಪ್ಪು ಲೆಕ್ಕ ಬಂದರೆ? ಆರುನೂರಲ್ಲ, ಮುನ್ನೂರು ಬಂದರೂ ಸುಭದ್ರಾಬಾಯಿ ಕಳಿಸುವವಳಲ್ಲ. ಒಂಬತ್ತನೆಯ ದಿನ ಸ್ಟೂಲು ಹತ್ತಿ ದಾರ ಬಿಚ್ಚಿದಳು. ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋಗಿ ದನದ ಕೊಟ್ಟಿಗೆಯ ಅಡ್ಡಬಿದಿರಿಗೆ ಕಟ್ಟಿದಳು. ಕೊಟ್ಟಿಗೆಗೆ ಮೂರು ಕಡೆ ಗೋಡೆಯೇ ಇರಲಿಲ್ಲ.

ಯಾರೂ ನೋಡಲಿಲ್ಲ. ನೋಡಿದವು ಎರಡು ಎತ್ತು, ಒಂದು ಎಮ್ಮೆ.

ಪಂಚಮಿ ಮುಗಿದು ಶ್ರಾವಣ ಕಳೆದು, ನಜಮುನ್ನಿಸಾ ಬರುವ ಮೂರು ದಿನ ಮೊದಲು ಹೀರಾಬಾಯಿ ಬಟ್ಟಲನ್ನು ತಂದು ಒಳಕೋಣೆಯ ತೊಲೆಗೆ ಕಟ್ಟಿದಳು. ಹುಡುಗಿ ಬಂದು ಬಿಚ್ಚಿಕೊಂಡಳು. ಬಾಗಿಲ ಬೆಳಕಿಗೆ ಹಿಡಿದು ಬಟ್ಟಲಿನ ಅಂಚನ್ನು ಉಗುರಿನಿಂದ ಕೆರೆದಳು.

"ಒಳಗ ಕಣಿಕಿ ಇಡತೀರೇನ್ರಿ ಕಾಕೂ? ಹುಲ್ಲಿನ ಧೂಳು ಕೂತದ."

"ಕೌದಿ ಹೊಲೀತೇನಿ ಬೇ, ಅರಿವೀ ಧೂಳು ಇರಬೇಕು" ಅಂದಳು ಹೀರಾಬಾಯಿ. ಮಾತು ನಾಲಿಗೆಯಿಂದ ಎಷ್ಟು ಸಲೀಸಾಗಿ ಜಾರಿತೆಂದರೆ ಅವಳಿಗೇ ಸೋಜಿಗವಾಯಿತು.

ಹದಿನೈದು ದಿನಕ್ಕೆ ನಜಮುನ್ನಿಸಾ ಮತ್ತೆ ಬಂದಳು. ಪಡಸಾಲೆಯ ಜಮಖಾನೆಯ ಮೇಲೆ ಕೂತು, ಕೊಟ್ಟ ಚಹಾ ಮುಗಿಸಿ, ಆಮೇಲೆ ಹೇಳಿದಳು.

"ಹನ್ನೆರಡು ಬಂದದ್ರಿ."

"ನೂರಾ ಹನ್ನೆರಡಾ?" ಅಂದ ಕಲ್ಯಾಣಪ್ಪ.

"ಇಲ್ರಿ. ಬರೇ ಹನ್ನೆರಡು." ಅವಳ ಮುಖದಲ್ಲಿ ಖುಷಿ ಇರಲಿಲ್ಲ. "ಅರವತ್ತು ಮನಿ ನೋಡೇನಿ ಕಾಕಾ. ಯಾವ ಮನ್ಯಾಗೂ ಹನ್ನೆರಡು ಸಿಕ್ಕಿಲ್ಲ. ಇದು ಹೊಲದಾಗಿನ ಹವಾ ಇದ್ದಂಗ ಅದ. ಇನ್ನೊಂದು ಸಲ ಕಟ್ಟಲೇನ್ರಿ? ಚಳಿಗಾಲದಾಗ ಬಾಗಲಾ ಹಾಕ್ಕೊಂಡು ಇರತೀರಿ, ಆಗಿನ ಅಂಕಿನೇ ಖರೇ ಅಂಕಿ."

"ಮತ್ತ ಮೂರು ತಿಂಗಳಾ? ಅಷ್ಟೊತ್ತಿಗೆ ನನ್ನ ಮೊಮ್ಮಗ ಎದ್ದು ತಾನೇ ನಡಕೋತ ಬರತಾನ. ಇಳೀತು ಅಂದ್ರ ಇಳೀತು. ಚೀಟಿ ಬರೀ ನಮ್ಮವ್ವ" ಅಂದ ಕಲ್ಯಾಣಪ್ಪ.

ಅವಳು ಬರೆದಳು. ಅಂಕಿ ಬರೆದು ಕೆಳಗೆ 'ಇನ್ನೊಮ್ಮೆ ಪರೀಕ್ಷಿಸುವುದು ಒಳ್ಳೆಯದು' ಅಂತಲೂ ಬರೆದಳು. ಹೀರಾಬಾಯಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಗೆದ್ದವರಿಗೂ ಒಂದು ಸಾಕ್ಷಿ ಬೇಕಾಗುತ್ತದೆ. ಅವಳು ತನ್ನ ಸಾಕ್ಷಿಯನ್ನು ಕರೆದಳು.

"ನನಗ ಮೊದಲೇ ಗೊತ್ತಿತ್ತು ತಂಗಿ. ಹಗೇವಿನ್ಯಾಗ ಕಂದೀಲ ಬಿಟ್ಟು ನೋಡೇವಿ. ತಳದ ತನಾ ಛಂದ ಉರೀತು. ಕೆಟ್ಟ ಹವಾ ಇದ್ದರ ದೀಪ ಆರಬೇಕಿಲ್ಲೇನು?"

ನಜಮುನ್ನಿಸಾ ಪೆನ್ನಿನ ಟೋಪಿ ಹಾಕಿದಳು. "ಈ ಹವಾ ದೀಪಕ್ಕ ಗೊತ್ತಾಗಂಗಿಲ್ರಿ ಕಾಕೂ. ಉಸರು ಇಲ್ಲದ ಕಡೆ ದೀಪ ಆರತದ. ರೇಡಾನ್ ಉಸರು ಕಟ್ಟಸಂಗಿಲ್ಲ. ಉಸರಿನ ಜೋಡಿನೇ ಒಳಗ ಬರತದ. ಆರುನೂರು ಇರಲಿ, ಆರು ಸಾವಿರ ಇರಲಿ, ದೀಪ ಹಂಗೇ ಉರೀತದ. ಅದಕ್ಕೇ ಅಲ್ಲೇನ್ರಿ ನಾವು ಬಟ್ಟಲಾ ಹಿಡಕೊಂಡು ಊರೂರು ಅಡ್ಡಾಡೂದು."

ಹೇಳಿದ್ದು ಸಹಜವಾಗಿ, ಶಾಲೆಯ ಹುಡುಗರಿಗೆ ಹೇಳುವ ಹಾಗೆ. ಹುಡುಗಿ ಚೀಲ ಹೆಗಲಿಗೇರಿಸಿ ಜೇವರ್ಗಿಯ ಬಸ್ಸಿಗೆ ಹೋದಳು. ಕಲ್ಯಾಣಪ್ಪ ಅಫಜಲಪುರಕ್ಕೆ ಕಾರ್ಡು ಹಾಕಲು ಹೋದ. ಹೀರಾಬಾಯಿ ಒಳಕೋಣೆಗೆ ಹೋಗಿ ತೊಟ್ಟಿಲು ಕಟ್ಟುವ ತೊಲೆಯ ಕೆಳಗೆ ನಿಂತಳು. ಕೋಣೆ ಯಾವಾಗಿನಂತೆ ತಂಪಾಗಿತ್ತು. ಬೆಳಕಿಂಡಿಯಿಂದ ರೊಟ್ಟಿಯಷ್ಟಗಲ ಬಿಸಿಲು ನೆಲಕ್ಕೆ ಬಿದ್ದಿತ್ತು. ಅಂಕಿ ಇಳಿದಿರಬಹುದು. ಬುರಾನುದ್ದೀನ ಕೆಲಸದಲ್ಲಿ ಕಳ್ಳನಲ್ಲ. ಇಳಿಯದೆಯೂ ಇರಬಹುದು. ಈ ಲೋಕದಲ್ಲಿ ಅದನ್ನು ಹೇಳಬಹುದಾಗಿದ್ದ ಒಂದೇ ಒಂದು ವಸ್ತುವನ್ನು ಅವಳು ಕೈಯಾರೆ ಎಮ್ಮೆಯ ತಲೆಯ ಮೇಲೆ ಕಟ್ಟಿದ್ದಳು. ಇನ್ನು ಎಂಟು ದಿನಕ್ಕೆ ಕೂಸು ಬಂದು ಇದೇ ತೊಲೆಯ ಕೆಳಗೆ ಮಲಗುತ್ತದೆ. ಹತ್ತು ವರ್ಷ ಮಲಗುತ್ತದೆ, ಇಪ್ಪತ್ತು ವರ್ಷ ಮಲಗುತ್ತದೆ. ಅಷ್ಟು ಹೊತ್ತಿಗೆ ಅವಳು ಇರುವುದಿಲ್ಲ, ಗೊತ್ತಿದ್ದವರೂ ಯಾರೂ ಇರುವುದಿಲ್ಲ.

ಮೂರನೆಯ ದಿನ ಉತ್ತರ ಬಂತು. ಸೋಮವಾರ ತೊಟ್ಟಿಲು ತೆಗೆದುಕೊಂಡು ಬರುತ್ತೇವೆ, ಐದನೆಯ ತಿಂಗಳು ಒಳ್ಳೆಯದಿದೆ ಅಂತ ಸುಭದ್ರಾಬಾಯಿ ಬರೆಸಿದ್ದಳು. ಕಲ್ಯಾಣಪ್ಪ ಪತ್ರವನ್ನು ಎರಡು ಸಲ ಓದಿದ.

"ನಾ ನಾಳಿಗೆ ಅಫಜಲಪುರಕ್ಕ ಹೋಗತೇನಿ" ಅಂದಳು ಹೀರಾಬಾಯಿ.

"ಸೋಮವಾರ ಅವರೇ ಬರತಾರಲ್ಲ. ನಿನಗೇನು ಅಷ್ಟು ಅವಸರ?"

"ಹೋಗತೇನಿ."

ಮೂವತ್ಮೂರು ವರ್ಷದ ಸಂಸಾರದಲ್ಲಿ ಈ ಧಾಟಿಯ 'ಹೋಗತೇನಿ'ಯನ್ನು ಕಲ್ಯಾಣಪ್ಪ ಮೂರೋ ನಾಲ್ಕೋ ಸಲ ಕೇಳಿದ್ದ. ಆಗೆಲ್ಲ ಮಾಡಿದ ಹಾಗೆ ಈಗಲೂ ಬಸ್ಸಿನ ರೊಕ್ಕ ತೆಗೆದು ಕೊಟ್ಟ.

ಬಸ್ಸು ಎರಡು ಬದಲಿಸಿ ಹೋಗುವಾಗ ದಾರಿಯುದ್ದಕ್ಕೂ ತೊಗರಿ ಮೊಳಕಾಲೆತ್ತರ ನಿಂತಿತ್ತು. ಬೀಗರ ಮನೆಯಲ್ಲಿ ಮಹಾನಂದಾ ಕೂಸನ್ನು ಅವಳ ಮಡಿಲಿಗೆ ಹಾಕಿದಳು. ಕೂಸು ಬೆಣ್ಣೆಯ ಮುದ್ದೆಯಂತೆ ಭಾರವಾಗಿತ್ತು. ಅವಳ ಮೂಗಿನ ನತ್ತು ಹಿಡಿದು ಬಿಡಲಿಲ್ಲ. ಅದು ನಿದ್ದೆ ಹೋಗುವ ತನಕ ಹೀರಾಬಾಯಿ ಕಾದಳು. ಆಮೇಲೆ ಕೂಸನ್ನು ತಾಯಿಯ ಕೈಗೆ ಕೊಟ್ಟು ತನ್ನ ಎರಡೂ ಕೈ ಖಾಲಿ ಮಾಡಿಕೊಂಡಳು.

"ಆ ಚೀಟಿ ಸುಳ್ಳದ" ಅಂದಳು. "ಹುಡುಗಿ ಸುಳ್ಳು ಬರದಿಲ್ಲ. ನಾ ಬಟ್ಟಲಾ ಬಿಚ್ಚಿ ದನದ ಕೊಟ್ಟಿಗ್ಯಾಗ ಕಟ್ಟಿದ್ದೆ. ಹನ್ನೆರಡು ಅಂದ್ರ ಕೊಟ್ಟಿಗಿ ಹವಾ. ಕೋಣಿ ಹವಾ ಎಷ್ಟದ ನನಗ ಗೊತ್ತಿಲ್ಲ."

ಸುಭದ್ರಾಬಾಯಿ ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟಳು. ಮೆಲ್ಲಗೇ ಅಂದಳು.

"ನಿಮ್ಮ ಎಮ್ಮಿಗಿರೋ ನಸೀಬು ನನ್ನ ಮೊಮ್ಮಗನಿಗಿಲ್ಲ ನೋಡ್ರಿ."

"ಅನ್ರಿ. ಅನಬೇಕಾದ್ದೇ."

"ನಿಮ್ಮ ಬಾಯಿಲೇ ಬಂದು ಹೇಳೀರಿ ಅಂತ ಹೆಚ್ಚಿಗಿ ಅನ್ನಲಿಕ್ಕೂ ಬರದಂಗ ಮಾಡೀರಿ" ಅಂದು ಅವಳು ಮೊರ ಎತ್ತಿಕೊಂಡಳು. "ಸೋಮವಾರದ ಮಾತು ಮುಗೀತು. ಇನ್ನ ಕಳಸಂಗಿಲ್ಲ."

ಮಹಾನಂದಾ ಕೂಸಿನ ನೆತ್ತಿಗೆ ಕೈಯಿಟ್ಟು ಕೂತಿದ್ದಳು. "ಅತ್ತೀ" ಅಂದಳು, "ನಾ ಇಲ್ಲಿಗೆ ಬಂದ ಮ್ಯಾಲೆ ನೀವು ಎಲ್ಲಿ ಮಲಗಾಕತ್ತೀರಿ?"

"ಎಲ್ಲಿ ಅಂದ್ರ? ಒಳಗ."

"ಈಗೂ?"

"ಮತ್ತೆಲ್ಲಿ ಮಲಗಲಿ?"

"ಕೂಸಿಗೆ ಛಲೋ ಅಲ್ಲ ಅಂತ ಬಸ್ ಹತ್ತಿ ಇಲ್ಲೀ ತನಾ ಬಂದೀರಿ. ನಿಮ್ಮ ಪುಪ್ಪುಸ ಏನು ಕಲ್ಲಿಂದಾ? ಇವತ್ತೇ ನಿಮ್ಮ ಹಾಸಗಿ ಪಡಸಾಲಿಗೆ ತರ್ರಿ. ಮಂದಿ ಏನಂತಾರ ಅನಬ್ಯಾಡ್ರಿ. ನಜಮುನ್ನಿಸಾನ್ನ ಕರಸ್ರಿ, ಖರೇ ನಂಬರ್ ಬರಲಿ. ಇನ್ನೂರರ ಒಳಗ ಬಂದ್ರ ಒಂಬತ್ತನೇ ತಿಂಗಳಾಗ ನಾನೇ ಬರತೇನಿ. ನಂಬರ್ ಇಳೀಲಿಲ್ಲಂದ್ರೂ ಬರತೇನಿ, ನಾನೂ ಪಡಸಾಲ್ಯಾಗ ಮಲಗತೇನಿ, ನಿಮ್ಮ ಬಾಜೂಕ."

ಸುಭದ್ರಾಬಾಯಿ ಮಗಳ ಮುಖ ನೋಡಿ ಜೋಳ ಕೇರಿದಳು.

ಹೀರಾಬಾಯಿ ಮಧ್ಯಾಹ್ನದ ಬಸ್ಸಿಗೆ ಒಬ್ಬಳೇ ತಿರುಗಿ ಬಂದಳು. ಬಂದವಳೇ ಗಂಡನಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವನು ಎಲೆ ಅಡಿಕೆಯ ಚಂಚಿ ಬಿಚ್ಚಿ, ಮತ್ತೆ ಕಟ್ಟಿ, ಕಟ್ಟೆಯ ಮೇಲೆ ಹೋಗಿ ಕೂತ. ಅವಳು ಒಳಗಿನಿಂದ ಚಾಪೆ, ಕೌದಿ, ದಿಂಬು ಹೊತ್ತು ತಂದು ಪಡಸಾಲೆಯ ಗೋಡೆಗೆ ಹಾಸಿದಳು. ಎರಡು ಕಂಬಗಳ ನಡುವೆ ಹಳೆಯ ಇಳಕಲ್ ಸೀರೆಯನ್ನು ಅಡ್ಡ ಕಟ್ಟಿದಳು. ಎಂಟು ದಿನ ಊರು ಆಡಿಕೊಂಡಿತು. ಒಂಬತ್ತನೆಯ ದಿನ ಮಠದ ಹತ್ತಿರ ಯಾರದೋ ಬಾವಿಕಟ್ಟೆ ಕುಸಿದು ಮಾತು ಅತ್ತ ಹೊರಳಿತು.

ದಸರೆಯ ಮರುವಾರ ನಜಮುನ್ನಿಸಾ ಬಂದಳು. ಹೀರಾಬಾಯಿ ಹೇಳಿದ್ದನ್ನೆಲ್ಲ ಕೇಳಿ ನಕ್ಕಳು.

"ಆ ಕಣಿಕಿ ಧೂಳು ನೋಡಿದಾಗೇ ಸಂಶಯ ಬಂದಿತ್ತು ಕಾಕೂ. ಹಿರ್ಯಾರಿಗೆ ಸುಳ್ಳಂತ ಹ್ಯಾಂಗನ್ನಲಿ? ಇರಲಿ, ಹನ್ನೆರಡನ್ನ ಒಗ್ಯಂಗಿಲ್ಲ. ಬಯಲ ಹವಾದ ಒಂದು ಅಂಕಿ ನನಗ ಬೇಕೇ ಆಗಿತ್ತು. ಯಾರ ಕೊಟ್ಟಿಗಿ ಅಂತ ಬರೀಲಿ?"

"ನಮ್ಮದು ಅಂತಲೇ ಬರೀ" ಅಂದಳು ಹೀರಾಬಾಯಿ. ಸ್ಟೂಲು ಹತ್ತಿ ಮೂರನೆಯ ಬಟ್ಟಲನ್ನು ಒಳಕೋಣೆಯ ತೊಲೆಗೆ ತಾನೇ ಕಟ್ಟಿ, ಮೂರು ಗಂಟು ಹಾಕಿದಳು. ಆ ಚಳಿಗಾಲವೆಲ್ಲ ಹಗಲು ಕೌದಿ ಹೊಲಿಯಲು ಕೂಡ ಅಲ್ಲಿ ಕೂರಲಿಲ್ಲ. ಆದರೆ ಹುಡುಗಿ ಹೇಳಿದ ಹಾಗೆ, ಒಳಗೆ ಮಂದಿ ಮಲಗಿದ್ದರೆ ಹೇಗೆ ಇರುತ್ತಿತ್ತೋ ಹಾಗೆಯೇ, ದಿನಾ ಸಂಜೆ ಬಾಗಿಲು ಎಳೆದುಕೊಂಡು ಬೆಳಿಗ್ಗೆ ತೆರೆಯುತ್ತಿದ್ದಳು.

ಸಂಕ್ರಾಂತಿಗೆ ಬಟ್ಟಲು ಕಲಬುರ್ಗಿಗೆ ಹೋಯಿತು. ಮಾಘದ ಮೊದಲ ವಾರ ಕಾರ್ಡು ಬಂತು. ಕಲ್ಯಾಣಪ್ಪ ಕನ್ನಡಕ ಹಾಕಿಕೊಂಡು ಓದಿದ.

"ತೊಂಬತ್ತಾರು ಅಂತ. ಇನ್ನೂರರ ಒಳಗದ, ಕೂಸು ಮಲಗಲಿಕ್ಕೆ ಹರಕತ್ತಿಲ್ಲ, ಬೆಳಕಿಂಡಿ ಮಾತ್ರ ಮುಚ್ಚಬ್ಯಾಡ್ರಿ ಅಂತ ಬರದಾಳ." ಕಾರ್ಡನ್ನು ತಿರುಗಿಸಿ ಹಿಂದೆಯೂ ನೋಡಿದ. "ಅಲ್ಲಾ, ಹನ್ನೆರಡು ಬಂದಾಗ ಸೂತಕ ಆದಂಗ ಕೂತಿದ್ದಿ. ತೊಂಬತ್ತಾರಕ್ಕ ಹಲ್ಲು ಕಿಸಿಯಾಕತ್ತೀದಿ. ನಿನ್ನ ಲೆಕ್ಕ ನನಗ ತಿಳೀಲಿಲ್ಲ."

"ಅದು ದನಗಳ ಲೆಕ್ಕ. ಇದು ನಮ್ಮದು" ಅಂದಳು ಹೀರಾಬಾಯಿ. ಅಫಜಲಪುರದ ಕಡೆಗೆ ಹೋಗುವ ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು. ಅವಳು ಮುಖ ತೊಳೆದು ಸೀರೆ ಬದಲಿಸಲು ಒಳಕೋಣೆಗೆ ಹೋದಳು.